ಪಚ್ಚೆಯ ಒಳಗಿನ ತೋಟ

ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಕಾಲೇಜಿನ ಮಕ್ಕಳಿಗೆ ಶರಣು.

ನಾನು ಪತ್ತಾರ. ಈ ವಿಜಯಪುರದಲ್ಲಿ ಮೂವತ್ತು ವರ್ಷದಿಂದ ಉಂಗುರಕ್ಕೆ, ಸರಕ್ಕೆ ಹರಳು ಕೂರಿಸುತ್ತ ಬಂದವನು. ಪಚ್ಚೆಯನ್ನು ನಮ್ಮಲ್ಲಿ ಕೆಲವರು ಪಾಚು ಅಂತಾರೆ, ಮಾರವಾಡಿ ವ್ಯಾಪಾರಿಗಳು ಪನ್ನಾ ಅಂತಾರೆ. ಅದನ್ನು ಕೊಳ್ಳಲು ಬಂದವರು ಭೂತಗನ್ನಡಿ ಹಿಡಿದ ಕೂಡಲೇ ಹೇಳುವ ಮಾತು ಒಂದೇ: “ಕಾಕಾ, ಇದರಾಗ ಸೀಳು ಐತಲ್ರಿ, ಬ್ಯಾರೆ ತೋರಸ್ರಿ.” ನಾನು ಹೇಳತೇನಿ, “ಅದು ಇದರ ಹುಟ್ಟಿನ ಗುರುತವ್ವಾ.”

ಪಚ್ಚೆ ಬೆರಿಲ್ ಎಂಬ ಖನಿಜ. ಶುದ್ಧ ಬೆರಿಲ್‌ಗೆ ಬಣ್ಣವೇ ಇಲ್ಲ. ಅದರೊಳಗೆ ಕ್ರೋಮಿಯಂ ಅಥವಾ ವೆನೇಡಿಯಂ ಎಂಬ ಲೋಹ ಚೂರೇ ಚೂರು ಸೇರಿದರೆ ಹಿಂಗಾರಿ ಜೋಳದ ಎಲೆಯ ಹಸಿರು ಬರುತ್ತದೆ. ಆದರೆ ಬೆರಿಲ್ ಆಗಲು ಬೇಕಾದ ಬೆರಿಲಿಯಂ ಸಿಗುವ ಕಲ್ಲೇ ಬೇರೆ, ಕ್ರೋಮಿಯಂ ಸಿಗುವ ಕಲ್ಲೇ ಬೇರೆ. ಎರಡೂ ಒಂದೆಡೆ ಕೂಡುವುದು ಅಪರೂಪ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಮೂಝೊದಲ್ಲಿ ಭೂಮಿಯೊಳಗಿನ ಬಿಸಿ ಉಪ್ಪುನೀರು ಕಪ್ಪು ಪದರಗಲ್ಲಿನ ಬಿರುಕುಗಳಲ್ಲಿ ಹರಿದು ಈ ಕೂಟ ಮಾಡಿಸಿತು. ಅಲ್ಲಿಯ ಹರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಗೂಡು ಕಾಣುತ್ತದೆ. ಅದರಲ್ಲಿ ಆ ನೀರಿನ ಹನಿ, ಒಂದು ಗಾಳಿಗುಳ್ಳೆ, ಒಂದು ಉಪ್ಪಿನ ಹರಳು. ಕೋಟ್ಯಂತರ ವರ್ಷದ ಹಿಂದಿನ ನೀರು ನಿಮ್ಮ ಬೆರಳ ಮೇಲೆ! ಫ್ರೆಂಚರು ಈ ಗೆರೆ-ಗೂಡುಗಳನ್ನೆಲ್ಲ ‘ಜಾರ್ದಿನ್’ ಅಂದರು, ಅಂದರೆ ತೋಟ. ನನಗೆ ಬಲು ಹಿಡಿಸಿದ ಹೆಸರು.

ಈ ತೋಟದಿಂದಲೇ ಪಚ್ಚೆ ನಾಜೂಕು. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 7.5ರಿಂದ 8, ಅಷ್ಟು ಸುಲಭವಾಗಿ ಗೀರು ಬೀಳುವುದಿಲ್ಲ. ಪೆಟ್ಟು ಬಿದ್ದರೆ ಮಾತ್ರ ಒಡೆಯುತ್ತದೆ. ಮೂಲೆ ಕತ್ತರಿಸಿ ಎಂಟು ಅಂಚು ಮಾಡುವುದು ಇದಕ್ಕೇ. ನಾನು ಇದಕ್ಕೆ ಸುತ್ತಲೂ ಬಂಗಾರದ ಅಂಚು ಕಟ್ಟುತ್ತೇನೆ, ಬರೀ ನಾಲ್ಕು ಕೊಂಡಿಯ ಮೇಲೆ ಕೂರಿಸಲು ಕೈ ನಡುಗುತ್ತದೆ.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಬಹುತೇಕ ಪಚ್ಚೆಗಳ ಬಿರುಕಿಗೆ ಎಣ್ಣೆಯನ್ನೋ ರಾಳವನ್ನೋ ತುಂಬಿರುತ್ತಾರೆ, ದೇವದಾರು ಎಣ್ಣೆ ಹಳೆಯ ರೂಢಿ. ನಾನು ಹೊಸಬನಿದ್ದಾಗ ಒಬ್ಬ ಅಜ್ಜಿಯ ಉಂಗುರವನ್ನು ಕಂಪನದಿಂದ ತೊಳೆಯುವ ಯಂತ್ರದೊಳಗೆ ಬಿಸಿನೀರಿಗೆ ಹಾಕಿದೆ. ಎಣ್ಣೆ ಹೊರಬಿತ್ತು, ಬಿರುಕೆಲ್ಲ ಬೆಳ್ಳಗೆ ಎದ್ದು ಕಂಡವು. ಅತ್ತೆ ಕೊಟ್ಟ ಉಂಗುರವಂತೆ. ಅಜ್ಜಿ ಬೈಯಲಿಲ್ಲ, ಸುಮ್ಮನೆ ಕಣ್ಣು ಒರೆಸಿಕೊಂಡರು. ಅಂದಿನಿಂದ ಉಗುರು ಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ನೀವೂ ಹಾಗೇ ಮಾಡಿ. ಎಣ್ಣೆ ತುಂಬಿದ್ದು ಮೋಸವಲ್ಲ, ಹೇಳದೆ ಮಾರಿದರೆ ಮೋಸ.

ನಮ್ಮೂರಿಗೂ ಈ ಹರಳಿಗೂ ಹಳೆಯ ನಂಟು. 16ನೆಯ ಶತಮಾನದಲ್ಲಿ ಸ್ಪೇನಿನವರು ಮೂಝೊ ಗಣಿ ಹಿಡಿದ ಮೇಲೆ ಅಲ್ಲಿಯ ಪಚ್ಚೆ ಸಮುದ್ರ ದಾಟಿ ಗೋವಾಕ್ಕೆ ಬಂತು, ಅಲ್ಲಿಂದ ದಖ್ಖನದ ದರಬಾರುಗಳಿಗೆ. ಇಬ್ರಾಹಿಂ ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಈಗಿನ ಬೆಲ್ಜಿಯಂ ದೇಶದ ಬ್ರೂಜ್ ಪಟ್ಟಣದ ರತ್ನವ್ಯಾಪಾರಿ ಜಾಕ್ ದ ಕೂತ್ರ ಗೋವಾದಿಂದ ಬಿಜಾಪುರಕ್ಕೆ ಬಂದಿದ್ದ. ಇಲ್ಲಿಯ ಗಿರಾಕಿಗಳ ಹೆಸರು ಅಷ್ಟು ದೂರ ಹಬ್ಬಿತ್ತು.

ಕೊಳ್ಳುವಾಗ ಅಂಗಡಿಯ ದೀಪ ನಂಬಬೇಡಿ, ಹೊರಗೆ ಹಗಲು ಬೆಳಕಿಗೆ ಹಿಡಿಯಿರಿ. ಬುಧನ ಹರಳೆಂದು ಕೊಳ್ಳುವವರೂ ಇದನ್ನೇ ಮಾಡಿ. ಗೂಡಿಲ್ಲದೆ ದುಂಡು ಗಾಳಿಗುಳ್ಳೆಗಳು ತೇಲುವಂತೆ ಕಂಡರೆ ಗಾಜೇ ಇರಬಹುದು. ತೀರ ಶುಭ್ರವಾಗಿದ್ದೂ ಬೆಲೆ ಕಡಿಮೆಯಿದ್ದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಹರಳಿನ ತೂಕ ಹೇಳುವುದು ಕ್ಯಾರಟ್‌ನಲ್ಲಿ, ಒಂದು ಕ್ಯಾರಟ್ ಅಂದರೆ 200 ಮಿಲಿಗ್ರಾಂ. ಪಚ್ಚೆ ವಜ್ರಕ್ಕಿಂತ ಹಗುರ, ಅದಕ್ಕೇ ಅಷ್ಟೇ ತೂಕದ ಪಚ್ಚೆ ದೊಡ್ಡದಾಗಿ ಕಾಣುತ್ತದೆ.

ಕಿಟಕಿಯ ಹತ್ತಿರ ಎರಡು ಹರಳು, ಒಂದು ಭೂತಗನ್ನಡಿ ಇಟ್ಟಿದ್ದೇನೆ. ಒಂದು ಗಾಜು, ಒಂದು ಪಚ್ಚೆ. ಯಾವುದರಲ್ಲಿ ತೋಟ ಇದೆ, ಬಂದು ನೋಡಿ ಹೇಳ್ರಿ.