ನಾಯಕ್ ಯಶವಂತ ಘಾಡ್ಗೆ, ಮತ್ತು ಬರೀ ಲೆಕ್ಕವಾಗಿ ಉಳಿದವರು

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನಮ್ಮ ಬೆಳಗಾವಿಯ ಕ್ಯಾಂಪ್ ಕಡೆ ವಾಕಿಂಗ್ ಹೋಗುವವರು ಮರಾಠಾ ಸೆಂಟರಿನ, ಅಂದರೆ ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ತರಬೇತಿ ಕೇಂದ್ರದ ಹುಡುಗರನ್ನು ನೋಡಿಯೇ ಇರ್ತೀರಿ. ಅದೇ ರೆಜಿಮೆಂಟಿನ ಒಬ್ಬರ ಬಗ್ಗೆ ಇವತ್ತು ಮಾತಾಡ್ತೀನಿ. ಅವರೂ ಹುಡುಗನೇ, ತೀರಿಕೊಂಡಾಗ ವಯಸ್ಸು 22.

ಹೆಸರು ಯಶವಂತ ಘಾಡ್ಗೆ, ನಾಯಕ್ ಅನ್ನೋದು ಸೇನೆಯ ಹುದ್ದೆ. ಹುಟ್ಟಿದ್ದು ಬೆಳಗಾವಿಯಲ್ಲಲ್ಲ, ಕೊಂಕಣದ ರಾಯಗಡ ಕಡೆ. ಆದರೆ ಅವರ ರೆಜಿಮೆಂಟಿಗೆ ತವರು ನಮ್ಮೂರೇ. ಎರಡನೇ ಮಹಾಯುದ್ಧದ ಕಾಲ, 1944ರ ಜುಲೈ 10, ಇಟಲಿಯ ಟೈಬರ್ ನದಿಯ ಮೇಲ್ಕಣಿವೆ. ಐದನೇ ಮರಾಠಾ (ರೆಜಿಮೆಂಟಿನ ಆಗಿನ ಹೆಸರು) ಇದರ ಮೂರನೇ ಬೆಟಾಲಿಯನ್ ಶತ್ರುವಿನ ಠಾಣೆಯೊಂದರ ಮೇಲೆ ನುಗ್ಗುತ್ತಿತ್ತು. ತೀರಾ ಹತ್ತಿರದಿಂದ ಮೆಷಿನ್‌ಗನ್ ಶುರುವಾಯ್ತು. ಘಾಡ್ಗೆಯವರ ಸೆಕ್ಷನ್ನಿನಲ್ಲಿ, ಅಂದರೆ ಅವರ ಸಣ್ಣ ತುಕಡಿಯಲ್ಲಿ, ಅವರೊಬ್ಬರನ್ನು ಬಿಟ್ಟು ಎಲ್ಲರೂ ಸತ್ತರು ಇಲ್ಲವೇ ಗಾಯಗೊಂಡರು. ಅವರು ಒಬ್ಬರೇ ಓಡಿದರು, ಗ್ರೆನೇಡ್ ಎಸೆದು ಗನ್ನನ್ನೂ ಅದನ್ನು ಹೊಡೆಯುತ್ತಿದ್ದವನನ್ನೂ ಮುಗಿಸಿದರು, ಇನ್ನೊಬ್ಬನಿಗೆ ಗುಂಡು ಹಾರಿಸಿದರು, ಆಮೇಲೆ ಮ್ಯಾಗಝಿನ್ ಬದಲಿಸಲೂ ಪುರಸೊತ್ತಿಲ್ಲದೆ ಬಂದೂಕನ್ನು ನಳಿಗೆ ಕಡೆಯಿಂದ ಹಿಡಿದು ಉಳಿದಿಬ್ಬರನ್ನು ಬಡಿದು ಕೊಂದರು. ಕೇಳೋದಕ್ಕೆ ಹಿತವಾದ ಮಾತಲ್ಲ. ಆದರೆ ಇದನ್ನು ನುಣ್ಣಗೆ ಮಾಡಿ ಹೇಳಿದರೆ ಅವರಿಗೇ ಮೋಸ ಮಾಡಿದ ಹಾಗೆ. ಸ್ವಲ್ಪ ಹೊತ್ತಿಗೇ ಸ್ನೈಪರುಗಳ ಗುಂಡು ತಗುಲಿ, ತಾವೇ ಹಿಡಿದ ಠಾಣೆಯಲ್ಲಿ ಬಿದ್ದರು.

ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ, ಬಂತು. ಇಂಥದ್ದೇ ಅಂತ ತೋರಿಸೋಕೆ ಸಮಾಧಿ ಇಲ್ಲ. ಇಟಲಿಯ ಕಸಿನೋ ಸ್ಮಾರಕದಲ್ಲಿ ಹೆಸರು ಕೆತ್ತಿದ್ದಾರೆ.

ಹೆಸರಾದರೂ ಇದೆ ನೋಡಿ. ಮೊದಲನೇ ಮಹಾಯುದ್ಧದಲ್ಲಿ ಸತ್ತ ಎಷ್ಟೋ ಸಿಪಾಯಿಗಳಿಗೆ ಅದೂ ಸಿಗಲಿಲ್ಲ. ಮರಾಠಾ ಪಲ್ಟನ್‌ಗಳು ಆಗ ಮೆಸಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಕಾದಿದವು. ಅಲ್ಲಿ ಸತ್ತು ಸಮಾಧಿ ಸಿಗದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸೈನಿಕರ ಹೆಸರು ಹಾಕಿದರು, ಭಾರತೀಯ ಅಧಿಕಾರಿಗಳ ಹೆಸರೂ ಹಾಕಿದರು. ಸಾಮಾನ್ಯ ಸಿಪಾಯಿಗೆ? ಪಲ್ಟನ್ನಿನ ಹೆಸರು, ಇಷ್ಟು ಜನ ಅಂತ ಒಂದು ಅಂಕಿ. ಮುಗೀತು! ಇಂಥ ತಾರತಮ್ಯಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ.

ನನಗೆ ಸಿಟ್ಟು ಬರೋದು ಇಲ್ಲೇ. ನಮ್ಮ ಹಳ್ಳಿಗಳ ಗುಡಿ ಮುಂದೆ ವೀರಗಲ್ಲು ಇರ್ತಾವಲ್ಲ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತ ವೀರ. ಎಷ್ಟೋ ಕಲ್ಲುಗಳಲ್ಲಿ ಬರಹ ಇದೆ. ಯಾರೋ ದನ ಹೊಡ್ಕೊಂಡು ಹೋಗ್ತಿದ್ದಾಗ ಅಡ್ಡ ನಿಂತು ಸತ್ತವನ ಹೆಸರೂ ಅದರಲ್ಲಿ ಸಿಗುತ್ತೆ. ಸಾವಿರ ವರ್ಷದ ಹಿಂದೆ ಒಂದು ಊರು ಮಾಡಿದ್ದನ್ನು ಅಷ್ಟು ದೊಡ್ಡ ಸರ್ಕಾರ ಮಾಡಲಿಲ್ಲ ಅಂದರೆ ಏನನ್ನೋಣ?

ನಿಮ್ಮ ಮನೆತನದಲ್ಲಿ ಮುತ್ತಜ್ಜ ಲಡಾಯಿಗೆ ಹೋಗಿ ಬರಲೇ ಇಲ್ಲ ಅನ್ನೋ ಮಾತಿದ್ದರೆ ಸುಮ್ನೆ ಬಿಡಬೇಡಿ. ಆಯೋಗದ ದಾಖಲೆಗಳನ್ನು ಇಂಟರ್ನೆಟ್‌ನಲ್ಲೇ ಹುಡುಕಬಹುದು, ಕೆಲವು ಕಡೆ ಅಪ್ಪನ ಹೆಸರು, ಊರು ಕೂಡ ಇರುತ್ತೆ. ಬೆಳಗಾವಿ ಅಂತ ಹುಡುಕಬೇಡಿ, ಆಗಿನ ಹೆಸರು ಬೆಲ್‌ಗಾಂ ಅನ್ನಿ. ಬಾಗಲಕೋಟೆಯವರು ಬಿಜಾಪುರದಲ್ಲಿ ನೋಡಿ, 1997ರವರೆಗೆ ಅದು ಬೇರೆ ಜಿಲ್ಲೆಯೇ ಆಗಿರಲಿಲ್ಲ. ಹೆಸರಿನ ಕಾಗುಣಿತವನ್ನಂತೂ ನಾಲ್ಕಾರು ಥರ ಬದಲಿಸಿ ನೋಡಿ, ಬರೆದುಕೊಂಡ ಗುಮಾಸ್ತನಿಗೆ ಹೇಗೆ ಕೇಳಿಸಿತ್ತೋ ಏನೋ.