ರಾಜೀನಾಮೆ ಬರೆಯುವ ಮುಂಚೆ ಪೇ ಸ್ಲಿಪ್ ತೆಗೆದು ನೋಡಿ

[ದೃಶ್ಯ: ಬೆಳಗಿನ ಜಾವ, ಇನ್ನೂ ಕತ್ತಲು. ವೇಮಗಲ್ ಕಡೆಯ ಒಂದು ಹಳ್ಳಿ ಗೇಟ್. ಕಂಪನಿ ಬಸ್ಸಿಗೆ ಕಾಯುತ್ತಿರುವ ಹೆಣ್ಣುಮಕ್ಕಳು. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಊಟದ ಡಬ್ಬಿ.]

ನಮಸ್ಕಾರ. ಇವತ್ತು ಒಂದು ಬಿಳಿ ಹಾಳೆಯಿಂದ ಮಾತು ಶುರು ಮಾಡುತ್ತೇನೆ.

ನಮ್ಮ ಚಿಕ್ಕಮ್ಮನ ಮಗಳು ಕೋಲಾರದ ಹತ್ತಿರ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಪಿಯುಸಿ ಮುಗಿದ ಕೂಡಲೇ ಸೇರಿದವಳು. ಮದುವೆ ಆದ ಮೇಲೂ ಕೆಲಸ ಬಿಡಲಿಲ್ಲ. ಬಸುರಿಯಾಗಿ ಐದು ತಿಂಗಳು ತುಂಬಿದಾಗ ಸೂಪರ್‌ವೈಸರ್ ಕರೆದರು. "ನಿಂತು ಕೆಲಸ ಮಾಡೋಕೆ ನಿನಗೂ ಕಷ್ಟ, ನಮಗೂ ಭಯ. ಈಗ ಬಿಟ್ಟುಬಿಡಮ್ಮ. ಹೆರಿಗೆ ಆದ್ಮೇಲೆ ಬಾ, ನಾನೇ ಸೇರಿಸ್ಕೊಳ್ತೀನಿ" ಅಂದರು. ಬೈಯಲಿಲ್ಲ, ಹೆದರಿಸಲಿಲ್ಲ. ಮನೆಯವರು ಹೇಳುವ ಹಾಗೆಯೇ ಹೇಳಿದರು. ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟರು, ಪೆನ್ನೂ ಅವರದೇ. ಅವರು ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು. "ನನ್ನ ಸ್ವಂತ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ." ನಾಲ್ಕು ಸಾಲು, ಕೆಳಗೆ ಸಹಿ. ಹತ್ತು ನಿಮಿಷವೂ ಆಗಲಿಲ್ಲ.

ಹೆರಿಗೆ ಕೋಲಾರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಿತು. ಬಿಲ್ ಕಟ್ಟೋಕೆ ಚಿಕ್ಕಮ್ಮ ಓಲೆ ಗಿರವಿ ಇಟ್ಟರು.

ಮಗುವಿಗೆ ಒಂದು ವರ್ಷ ಆದ ಮೇಲೆ ನಾನು ಅವರ ಮನೆಗೆ ಹೋಗಿದ್ದೆ. ಅವಳು ಟ್ರಂಕಿನಿಂದ ಜವಳಿ ಅಂಗಡಿಯ ಒಂದು ಕವರ್ ತೆಗೆದಳು. ಒಳಗೆ ತಿಂಗಳ ಪ್ರಕಾರ ಜೋಡಿಸಿಟ್ಟ ಪೇ ಸ್ಲಿಪ್‌ಗಳು. ಒಟ್ಟು 53. ನಾಲ್ಕು ವರ್ಷ ಐದು ತಿಂಗಳು. ಒಂದೂ ಕಳೆದಿರಲಿಲ್ಲ. ಆದರೆ ಒಂದನ್ನೂ ಅವಳು ಪೂರ್ತಿ ಓದಿರಲಿಲ್ಲ. ಕೊನೆಯಲ್ಲಿ ಕೈಗೆ ಎಷ್ಟು ಅಂತ ಇರುತ್ತದಲ್ಲ, ಅದನ್ನಷ್ಟೇ ನೋಡಿ ಮಡಚಿ ಇಡುತ್ತಿದ್ದಳು.

ಬನ್ನಿ, ಅದರಲ್ಲಿ ಒಂದನ್ನು ಇವತ್ತು ಸಾಲು ಸಾಲಾಗಿ ಓದೋಣ.

[ದೃಶ್ಯ: ಚಾಪೆ ಮೇಲೆ ಪೇ ಸ್ಲಿಪ್. ಹೆಸರು, ನಂಬರ್ ಮುಚ್ಚಿದೆ. ಬೆರಳು ಒಂದೊಂದೇ ಸಾಲಿನ ಮೇಲೆ ಓಡುತ್ತದೆ.]

ಲೆಕ್ಕ ಸುಲಭ ಆಗಲಿ ಅಂತ ತಿಂಗಳಿಗೆ 15,000 ಸಂಬಳ ಅಂದುಕೊಳ್ಳಿ. ಅದರಲ್ಲಿ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000. ಉಳಿದ 3,000 ಬೇರೆ ಭತ್ಯೆ.

ಮೊದಲ ಕಡಿತ ಪಿಎಫ್, ಅಂದರೆ ಭವಿಷ್ಯ ನಿಧಿ. ಬೇಸಿಕ್ ಮತ್ತು ಡಿಎ ಮೇಲೆ ನೂರಕ್ಕೆ 12, ಅಂದರೆ 1,440 ರೂಪಾಯಿ. "ಪಿಎಫ್‌ಗೆ ಅಂತ ಹಿಡಿದುಕೊಂಡುಬಿಡ್ತಾರೆ" ಅಂತ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಆದರೆ ಕಂಪನಿಯೂ ಅಷ್ಟೇ ದುಡ್ಡು, ಇನ್ನೊಂದು 1,440, ನಿಮ್ಮ ಹೆಸರಿನಲ್ಲಿ ಕಟ್ಟಬೇಕು. ಅದರಲ್ಲಿ ಆ 12,000ದ ಮೇಲೆ ನೂರಕ್ಕೆ 8.33ರ ಲೆಕ್ಕ, ಸುಮಾರು 1,000 ರೂಪಾಯಿ, ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದ 440 ನಿಮ್ಮ ಪಿಎಫ್‌ಗೆ ಸೇರುತ್ತದೆ. ಅಲ್ಲಿಗೆ ತಿಂಗಳಿಗೆ 1,880. ಇದೇ ಸಂಬಳದಲ್ಲಿ 53 ತಿಂಗಳು ದುಡಿದರೆ ಬಡ್ಡಿ ಬಿಟ್ಟು 99,640 ರೂಪಾಯಿ. ಹತ್ತಿರ ಹತ್ತಿರ ಒಂದು ಲಕ್ಷ, ಅಲ್ವಾ?

ಈ ದುಡ್ಡಿನ ಬೆಲೆ ಗೊತ್ತಿದ್ದವರು ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ಪೂರ್ತಿ ತೆಗೆಯುವ ಹಾಗಿಲ್ಲ ಅಂತ. ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದರು. ಮಾರನೇ ದಿನ ಪ್ರತಿಭಟನೆ ಇನ್ನೂ ಹಬ್ಬಿತು. ಮಗಳ ಮದುವೆ, ಮಕ್ಕಳ ಫೀಸು, ಮನೆ ಸಾಲ, ಎಲ್ಲದಕ್ಕೂ ಅವರು ನಂಬಿದ್ದು ಅದೊಂದೇ ದುಡ್ಡನ್ನು. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅವರನ್ನು ನೆನೆದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಇವತ್ತು ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗಿಗೂ ಅವರಿಂದ ಉಪಕಾರವಾಗಿದೆ.

ಪೇ ಸ್ಲಿಪ್ ಮೇಲ್ಭಾಗದಲ್ಲಿ ಯುಎಎನ್ ಅಂತ 12 ಅಂಕಿಯ ನಿಮ್ಮ ಪಿಎಫ್ ನಂಬರ್ ಇರುತ್ತದೆ. ಕಂಪನಿ ಎಷ್ಟು ಬದಲಾದರೂ ಈ ನಂಬರ್ ಒಂದೇ ಇರಬೇಕು. ಹೊಸ ಕಡೆ ಸೇರಿದಾಗ "ನನಗೆ ಮೊದಲೇ ಯುಎಎನ್ ಇದೆ" ಅಂತ ಹೇಳಿ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಎರಡು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ ಮಾಡಿದ್ದೆಲ್ಲ ಕೂಡುತ್ತದೆ. ಆದರೆ ಪ್ರತಿ ಸಲ ಕೆಲಸ ಬಿಟ್ಟಾಗ ಪಿಎಫ್, ಪಿಂಚಣಿ ದುಡ್ಡು ಪೂರ್ತಿ ತೆಗೆದುಬಿಟ್ಟರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ.

ಕಂಪನಿ ನಿಜವಾಗಲೂ ಕಟ್ಟುತ್ತಿದೆಯಾ ಅಂತ ನೋಡೋಕೆ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದಲೇ ಕೊಡಬೇಕು. ಎಷ್ಟು ದುಡ್ಡಿದೆ ಅಂತ ಮೆಸೇಜ್ ಬರುತ್ತದೆ. ಪೇ ಸ್ಲಿಪ್‌ನಲ್ಲಿ ಹಿಡಿದು ಖಾತೆಗೆ ಕಟ್ಟದಿದ್ದರೆ ಅದು ಅಪರಾಧ.

[ದೃಶ್ಯ: ಬೆರಳು ಎರಡನೇ ಕಡಿತದ ಸಾಲಿನ ಮೇಲೆ ನಿಲ್ಲುತ್ತದೆ. ಇಎಸ್‌ಐ, 113 ರೂಪಾಯಿ.]

ಇವತ್ತಿನ ವಿಡಿಯೋದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇರುತ್ತದೆ. ನಿಮ್ಮಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಕಂಪನಿಯಿಂದ ನೂರಕ್ಕೆ ಮೂರೂಕಾಲು ರೂಪಾಯಿ. ಜ್ವರ, ನೆಗಡಿಗೆ ಡಿಸ್ಪೆನ್ಸರಿಯಲ್ಲಿ ಮಾತ್ರೆ ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಬಾಣಂತನದ ದುಡ್ಡೂ ಇಲ್ಲೇ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದ ತನಕ ತೆಗೆದುಕೊಳ್ಳಬಹುದು. ಎರಡು ಮಕ್ಕಳಿದ್ದು ಮತ್ತೆ ಬಸುರಿಯಾದರೆ 12 ವಾರ. ಗರ್ಭ ನಿಲ್ಲದೆ ಹೋದರೆ 6 ವಾರ. ಇಎಸ್‌ಐ ಇದ್ದವರಿಗೆ ಈ ದುಡ್ಡು ಕಂಪನಿಯ ಜೇಬಿನಿಂದ ಬರುವುದಿಲ್ಲ, ಇಎಸ್‌ಐ ಕೊಡುತ್ತದೆ, ಅದೂ ದಿನದ ಸಂಬಳದ ಪೂರ್ತಿ ಲೆಕ್ಕದಲ್ಲಿ. ಹಿಂದಿನ ಎರಡು ಕಂತಿನ ಅವಧಿಗಳಲ್ಲಿ, ಅಂದರೆ ಒಂದು ವರ್ಷದಲ್ಲಿ, 70 ದಿನದ ಕಂತು ಕಟ್ಟಿರಬೇಕು ಅಷ್ಟೇ. ಇಎಸ್‌ಐ ಇಲ್ಲದವರಿಗೆ ಕಂಪನಿಯೇ ಕೊಡಬೇಕು, ಅಲ್ಲಿ 80 ದಿನ ಕೆಲಸ ಮಾಡಿರಬೇಕು.

26 ವಾರ ಅಂದರೆ 182 ದಿನ. ದಿನಕ್ಕೆ 500 ರೂಪಾಯಿ ಅಂತ ಹಿಡಿದರೂ 91,000 ಆಗುತ್ತದೆ. ಚಿಕ್ಕಮ್ಮ ಓಲೆ ಗಿರವಿ ಇಟ್ಟ ದಿನ ಇದು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು. ರಾಜೀನಾಮೆ ಕೊಟ್ಟ ದಿನವೇ ಇಎಸ್‌ಐ ನಿಂತುಹೋಗುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ ಕಂತಿನ ಮೇಲೆ ಮುಂದಿನ ಜನವರಿಯಿಂದ ಜೂನ್ ತನಕ ಸೌಲಭ್ಯ ನಡೆಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್ ತನಕ ಕಟ್ಟಿದ್ದಕ್ಕೆ ಜುಲೈನಿಂದ ಡಿಸೆಂಬರ್. ಹಾಗಾಗಿ ಈಗಾಗಲೇ ಕೆಲಸ ಬಿಟ್ಟು ಮನೆಯಲ್ಲಿರುವ ಬಸುರಿಯರು ಸುಮ್ನೆ ಕೂರಬೇಡಿ. ಇಎಸ್‌ಐ ಕಾರ್ಡ್ ಹಿಡಿದು ಶಾಖಾ ಕಚೇರಿಗೆ ಹೋಗಿ ಕೇಳಿ.

[ದೃಶ್ಯ: ಗೋಡೆ ಕ್ಯಾಲೆಂಡರ್. ಪೆನ್ಸಿಲ್‌ನಲ್ಲಿ ತಿಂಗಳುಗಳಿಗೆ ಗೆರೆ ಎಳೆಯುತ್ತಾ ಹೋಗುವ ಕೈ.]

ಈಗ ಪೇ ಸ್ಲಿಪ್‌ನಲ್ಲಿ ಎಲ್ಲೂ ಕಾಣದ ದುಡ್ಡಿನ ವಿಷಯ. ಗ್ರಾಚುಟಿ. ಐದು ವರ್ಷ ಒಂದೇ ಕಡೆ ದುಡಿದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಕಂಪನಿ ಕೊಡಬೇಕು. 12,000 ಬೇಸಿಕ್‌ಗೆ ಐದು ವರ್ಷಕ್ಕೆ 34,615 ರೂಪಾಯಿ ಬರುತ್ತದೆ.

"ಅವಳದು ನಾಲ್ಕು ವರ್ಷ ಐದು ತಿಂಗಳು ತಾನೇ, ಹೇಗೂ ಬರುತ್ತಿರಲಿಲ್ಲ" ಅನ್ನಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಅವರ ಮನೆಯ ಕ್ಯಾಲೆಂಡರ್ ಇಳಿಸಿಕೊಂಡು ಇಬ್ಬರೂ ಕೂತು ಎಣಿಸಿದೆವು. ಆಗ ಐದು ತಿಂಗಳ ಬಸುರಿ. ಇನ್ನು ಎರಡು ತಿಂಗಳು ಕೆಲಸ ಮಾಡಿ ಹೆರಿಗೆ ರಜೆ ಹಾಕಿದ್ದರೆ ನಾಲ್ಕು ವರ್ಷ ಏಳು ತಿಂಗಳು. ಅಲ್ಲಿಂದ 26 ವಾರ, ಅಂದರೆ ಆರು ತಿಂಗಳ ರಜೆ. ಹೆರಿಗೆ ರಜೆಯನ್ನೂ ಗ್ರಾಚುಟಿಗೆ ಸೇವೆ ಅಂತಲೇ ಎಣಿಸಬೇಕು. ಅದು ಕಾನೂನು. ಅಲ್ಲಿಗೆ ಐದು ವರ್ಷ ಒಂದು ತಿಂಗಳು. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು, ತವರುಮನೆಯಲ್ಲಿ ಬಾಣಂತಿ ಖಾರ ತಿನ್ನುತ್ತಿರುವಾಗಲೇ ಅವಳ ಐದು ವರ್ಷ ತುಂಬಿರುತ್ತಿತ್ತು.

ಅವಳು ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ.

ನಿಂತು ಕೆಲಸ ಮಾಡೋಕೆ ಕಷ್ಟ ಅಂದರಲ್ಲ, ಅದಕ್ಕೂ ದಾರಿ ಇತ್ತು. ಹೆರಿಗೆಗೆ ಸುಮಾರು ಹತ್ತು ವಾರ ಇದೆ ಅನ್ನುವಾಗಿನಿಂದ ತುಂಬಾ ಹೊತ್ತು ನಿಲ್ಲುವ ಕೆಲಸ, ಭಾರದ ಕೆಲಸ ಕೊಡಬೇಡಿ ಅಂತ ಕೇಳುವ ಹಕ್ಕು ಇದೆ. ಹೆರಿಗೆ ರಜೆಯಲ್ಲಿ ಇರುವವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಅದಕ್ಕೇ "ನೀನೇ ಬರೆದುಕೊಡು" ಅನ್ನುತ್ತಾರೆ. ಅವರು ತೆಗೆದರೆ ತಪ್ಪು ಅವರದಾಗುತ್ತದೆ. ನೀವು ಬರೆದುಕೊಟ್ಟರೆ ಯಾರ ತಪ್ಪೂ ಇರುವುದಿಲ್ಲ. ಹಾಗಾಗಿ ಹಾಳೆ ಮುಂದಿಟ್ಟಾಗ ರಾಜೀನಾಮೆ ಅನ್ನುವ ಪದ ಬರೆಯಬೇಡಿ. "ಹೆರಿಗೆ ರಜೆ ಕೋರಿ" ಅಂತ ಬರೆಯಿರಿ. ತಾರೀಕು ಹಾಕಿ, ತಾಯಿ ಕಾರ್ಡಿನ ಜೆರಾಕ್ಸ್ ಸೇರಿಸಿ. ಕೊಟ್ಟ ಪತ್ರದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಮನೆಯವರಿಗೆ ಕಳಿಸಿಡಿ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆ ಕಾಯ್ದೆಗಳ ಹೆಸರು ಹೋಗಿದೆ, 26 ವಾರ ಹೋಗಿಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಇಷ್ಟು ಅವಧಿಗೆ ಅಂತ ಕಂಪನಿಯೇ ನೇರವಾಗಿ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚುಟಿ.

[ದೃಶ್ಯ: ರಾಷ್ಟ್ರೀಯ ಹೆದ್ದಾರಿಯಿಂದ ನರಸಾಪುರ ಕೈಗಾರಿಕಾ ಪ್ರದೇಶ. ಶಿಫ್ಟ್ ಬಿಡುವ ಹೊತ್ತು.]

"ನಾನು ಕಂಪನಿಯವಳಲ್ಲ, ಕಾಂಟ್ರಾಕ್ಟ್‌ನವಳು" ಅನ್ನುವವರು ನಮ್ಮ ಜಿಲ್ಲೆಯಲ್ಲಿ ಬಹಳ. ನಿಮಗೂ ಪಿಎಫ್, ಇಎಸ್‌ಐ ಇದೆ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. 2020ರ ಡಿಸೆಂಬರ್ 12ರಂದು ಇದೇ ನರಸಾಪುರದಲ್ಲಿ, ಆಗ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಕಾರ್ಖಾನೆಯಲ್ಲಿ, ಗಲಾಟೆ ಆಗಿದ್ದು ಯಾಕೆ? ಸಂಬಳ ಸರಿಯಾಗಿ ಬಂದಿಲ್ಲ ಅನ್ನುವ ಸಿಟ್ಟಿಗೆ. ಈಗ ಅದು ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿದೆ. ಅಲ್ಲಿಗೆ ಹೋಗುವ ಹುಡುಗಿಯರ ಬಸ್ಸು ನಮ್ಮ ಹಳ್ಳಿ ಹಳ್ಳಿಗೂ ಬರುತ್ತದೆ. ಕಾಂಟ್ರಾಕ್ಟರ್ ಬದಲಾದಾಗ ನಿಮ್ಮನ್ನು ಹೊಸದಾಗಿ ಸೇರಿದವರು ಅಂತ ತೋರಿಸಿದರೆ ಹಳೇ ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್ ಎರಡೇ ನಿಮ್ಮ ಸಾಕ್ಷಿ. ಓಟಿ ಮಾಡಿದ್ದರೆ ಗಂಟೆಗೆ ಎರಡರಷ್ಟು ಸಂಬಳ. ಆ ಸಾಲನ್ನು ಪ್ರತಿ ತಿಂಗಳು ನೋಡಿ. ಮೊಬೈಲ್‌ನಲ್ಲೇ ಗಂಟೆ ಬರೆದಿಟ್ಟುಕೊಳ್ಳಿ.

ಲೈಂಗಿಕ ಕಿರುಕುಳದ ವಿಷಯಕ್ಕೆ ಬೇರೆ ವಿಡಿಯೋನೇ ಬೇಕು, ಮಾಡುತ್ತೇನೆ. ಈಗ ಇಷ್ಟು ತಿಳಿದಿರಲಿ. ಹತ್ತು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಅಧ್ಯಕ್ಷರು ಹೆಂಗಸೇ ಆಗಿರಬೇಕು. ಮೂರು ತಿಂಗಳೊಳಗೆ ದೂರು ಕೊಡಿ. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಟೊಮೇಟೊ ಮಂಡಿಯಲ್ಲಿ ಹಣ್ಣು ಆರಿಸುವ ಅಕ್ಕಂದಿರಿಗೂ, ಮನೆಗೆಲಸದವರಿಗೂ ಈ ಸಮಿತಿ ಇದೆ.

ಒಬ್ಬರೇ ಓಡಾಡೋಕೆ ಆಗಲ್ಲ ಅನಿಸಿದರೆ ಕೋರ್ಟ್‌ನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ ನಂಬರ್ 15100.

[ದೃಶ್ಯ: ಮತ್ತೆ ಅದೇ ಹಳ್ಳಿ ಗೇಟ್. ಬಸ್ಸಿನ ದೀಪ ದೂರದಲ್ಲಿ ಕಾಣುತ್ತದೆ.]

ನಮ್ಮ ಹುಡುಗಿ ಈಗ ಬೇರೆ ಕಾರ್ಖಾನೆಗೆ ಸೇರಿದ್ದಾಳೆ. ಹಳೇ ಯುಎಎನ್ ಕೊಟ್ಟಳು, ಪಿಎಫ್ ಅದಕ್ಕೇ ಸೇರುತ್ತಿದೆ. ಸೇರುವ ದಿನ ಎಚ್‌ಆರ್ ಹತ್ತಿರ ಒಂದು ಪ್ರಶ್ನೆ ಕೇಳಿದಳಂತೆ. "ಸರ್, ಶಿಶುಪಾಲನಾ ಕೋಣೆ ಎಲ್ಲಿದೆ?" 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ನಾನೇ ಹೇಳಿಕೊಟ್ಟಿದ್ದೆ. ಅವರು ಒಂದು ನಿಮಿಷ ಯೋಚಿಸಿ, ಎದ್ದು, ಕರೆದುಕೊಂಡು ಹೋಗಿ ತೋರಿಸಿದರು. ಒಂದು ತೊಟ್ಟಿಲು, ಎರಡು ಚಾಪೆ, ಗೋಡೆ ಮೇಲೆ ಆನೆ ಚಿತ್ರ. ಮಗು ಒಂದೂ ಇರಲಿಲ್ಲ.

ಮಾರನೇ ಸೋಮವಾರ ಅವಳು ಮಗನನ್ನು ಎತ್ತಿಕೊಂಡೇ ಬಸ್ ಹತ್ತಿದಳು.