ಪರದೆ ಬಿದ್ದ ಮೇಲಿನ ಹೊಣೆ

ಗೆಳೆಯರೇ,

ಕಲಾವಿದನ ಸಾಮಾಜಿಕ ಹೊಣೆಯ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ಈ ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಎರಡು ಪಂಗಡಗಳಾಗುತ್ತವೆ. ಕಲೆ ಸಮಾಜವನ್ನು ತಿದ್ದಬೇಕು ಎನ್ನುವವರು ಒಂದು ಕಡೆ, ಕಲೆಯ ಹೊರತು ಕಲಾವಿದನಿಗೆ ಬೇರೆ ಹೊಣೆಯೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಡಕುವುದು ಕೃತಿಯ ಒಳಗೇ. ನಾನು ಕೃತಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳುತ್ತೇನೆ. ಪರದೆ ಬಿದ್ದ ಮೇಲೆ ಈ ಮನುಷ್ಯ ಯಾರಿಗೆ ಉತ್ತರ ಕೊಡುತ್ತಾನೆ? ಯಾವುದಕ್ಕೆ ಬೆಲೆ ತೆರಲು ಸಿದ್ಧನಿದ್ದಾನೆ?

ಶಿವರಾಮ ಕಾರಂತರನ್ನು ನೋಡಿ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರ ಬೇಡವೆಂದು ಊರೂರು ಸುತ್ತಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಇಷ್ಟೆಲ್ಲ ಮಾಡಿದ ಮನುಷ್ಯ ಕಾದಂಬರಿ ಬರೆಯುವಾಗ ಮಾತ್ರ ಭಾಷಣಕ್ಕೆ ನಿಲ್ಲುವುದಿಲ್ಲ. 1933ರ ‘ಚೋಮನ ದುಡಿ’ಯಲ್ಲಿ ಉಳಲು ತುಂಡು ನೆಲ ಬೇಕೆನ್ನುವ ಚೋಮನಿಗೆ ಅವರು ಯಾವ ಪರಿಹಾರವನ್ನೂ ದಯಪಾಲಿಸುವುದಿಲ್ಲ. ಮತಾಂತರವಾದರೆ ನೆಲ ಸಿಗಬಹುದೆಂಬ ದಾರಿ ಕಾಣಿಸಿದರೂ ಚೋಮ ಹಿಂದಿರುಗುತ್ತಾನೆ. ಓದುಗ ಎದೆಭಾರ ಹೊತ್ತು ಏಳುತ್ತಾನೆ. ನಾಗರಿಕನಾಗಿ ತೀರ್ಪು ಕೊಡಲು ಹಿಂಜರಿಯದ ಕಾರಂತರು ಕಲಾವಿದರಾಗಿ ತೀರ್ಪನ್ನು ತಡೆಹಿಡಿದರು. ಈ ಎರಡು ಖಾತೆಗಳನ್ನು ಕಲಸದೆ ಇಟ್ಟುಕೊಂಡದ್ದರಲ್ಲೇ ಅವರ ದೊಡ್ಡತನವಿದೆ ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಹಲವರದು ಇದರ ತಿರುವುಮುರುವು. ನಾಟಕದಲ್ಲಿ ಗುಡುಗುತ್ತೇವೆ, ಅಕಾಡೆಮಿಯ ಪ್ರಶಸ್ತಿ ಪಟ್ಟಿ ಹೊರಬೀಳುವ ವಾರದಲ್ಲಿ ಮೌನವ್ರತ ಹಿಡಿಯುತ್ತೇವೆ.

ಬೆಲೆ ಎಂದೆ. ನಟಿ ಸ್ನೇಹಲತಾ ರೆಡ್ಡಿಯವರು ತೆತ್ತ ಬೆಲೆಯನ್ನು ಹೇಳಲು ಹೆಚ್ಚು ಮಾತು ಬೇಕಿಲ್ಲ. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಒಡನಾಟದ ಕಾರಣಕ್ಕೆ, ತುರ್ತುಪರಿಸ್ಥಿತಿಯ ನಡುವೆ, 1976ರಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಹೆಣ್ಣುಮಗಳು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಅದೇ ಕಾಲದಲ್ಲಿ ಹುಟ್ಟಿದ್ದು ‘ಸಮುದಾಯ’ ಎಂಬ ರಂಗತಂಡ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟ ಸುದ್ದಿ ಅವರ ಕೈಯಲ್ಲಿ ಬೀದಿನಾಟಕವಾಯಿತು. 1979ರಲ್ಲಿ ಜಾಥಾ ಹೊರಟು ರಾಜ್ಯದ ಉದ್ದಗಲಕ್ಕೂ ಆಡಿದರು. ವೇದಿಕೆ ಇಲ್ಲ, ಲೈಟಿಲ್ಲ, ಟಿಕೆಟ್ಟಿಲ್ಲ. ಸಂತೆಯ ಜನ ಸುತ್ತ ನಿಂತರೆ ಅದೇ ರಂಗಮಂದಿರ. ಆ ನಾಟಕಗಳೆಲ್ಲ ಒಳ್ಳೆಯ ನಾಟಕಗಳಾಗಿದ್ದವು ಎಂದು ನಾನು ಹೇಳಲಾರೆ. ಘೋಷಣೆ ಮುಂದಾಗಿ ಪಾತ್ರ ಹಿಂದುಳಿದ ಪ್ರಯೋಗಗಳೂ ಇದ್ದವು. ಆದರೆ ಪ್ರೇಕ್ಷಕ ಎದುರಿಗೇ ನಿಂತು ಕೆಣಕಬಹುದಾದ ಜಾಗಕ್ಕೆ ನಟ ತಾನಾಗಿ ಹೋಗಿ ನಿಂತ. ನನಗೆ ಮುಖ್ಯವಾಗಿ ಕಾಣುವುದು ಅದು.

ಸಮುದಾಯವನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ಪ್ರಸನ್ನ ಆಮೇಲೆ ಹಿಡಿದ ದಾರಿಯ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ನಿರ್ದೇಶಕ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ನೆಲೆ ನಿಲ್ಲಬಹುದಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ನೆಲೆಸಿ, ಸುತ್ತಲ ಹಳ್ಳಿಗಳ ಹೆಂಗಸರನ್ನು ಕೂಡಿಸಿಕೊಂಡು ‘ಚರಕ’ ಎಂಬ ಸಹಕಾರ ಸಂಘ ಕಟ್ಟಿದರು. ಕೈಮಗ್ಗದ ಬಟ್ಟೆ, ಸಹಜ ಬಣ್ಣ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಟ್ಟೆಯ ಬಣ್ಣವಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳ ಮೇಲೆ ತೆರಿಗೆಯೇ ಇರಬಾರದೆಂದು ಕರ ನಿರಾಕರಣೆಯ ಸತ್ಯಾಗ್ರಹ ಹೂಡಿ ಉಪವಾಸ ಕುಳಿತರು. 2020ರಲ್ಲಿ, ಕೊರೊನಾ ವರ್ಷದಲ್ಲಿ, ಮಾರಾಟ ನಿಂತು ಸಂಘವೇ ದಿವಾಳಿ ಎಂದು ಘೋಷಿಸಿಕೊಳ್ಳಬೇಕಾಯಿತು.

ರಂಗಭೂಮಿಯ ಒಬ್ಬ ಒಳ್ಳೆಯ ನಿರ್ದೇಶಕ ಹೀಗೆ ಮಗ್ಗದ ಹಿಂದೆ ಹೋದದ್ದು ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ನಾಟಕವನ್ನು ಅವರು ಕೈಬಿಡಲಿಲ್ಲ, ಆದರೂ ಕೇಳತಕ್ಕ ಪ್ರಶ್ನೆಯೇ. ನಾನು ಹೀಗೆ ನೋಡುತ್ತೇನೆ: ದುಡಿಯುವ ಜನರ ಬಗ್ಗೆ ನಾಟಕವಾಡಿ ರಾತ್ರಿ ಬಸ್ಸು ಹತ್ತುವುದು ಸುಲಭ. ಅದೇ ಜನರ ಜೊತೆ ಲೆಕ್ಕದ ಪುಸ್ತಕ ಹಿಡಿದು ಕೂತರೆ, ಈ ತಿಂಗಳ ಕೂಲಿ ಎಲ್ಲಿಂದ ಬರುತ್ತದೆ ಎಂದು ಅವರು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ಅಲ್ಲಿ ಸಂಭಾಷಣೆ ನಡೆಯುವುದಿಲ್ಲ, ಸಂಬಳ ನಡೆಯಬೇಕು. ದಿವಾಳಿಯಾದಾಗ ಅದನ್ನು ಊರ ಮುಂದೆ ಹೇಳಿಕೊಂಡದ್ದೂ ಉತ್ತರ ಕೊಡುವ ಒಂದು ಬಗೆ. ಎಲ್ಲ ಕಲಾವಿದರೂ ಹೀಗೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕನ್ನಡದಲ್ಲಿ ನಾಟಕವೂ ಉಳಿಯದು, ಮಗ್ಗವೂ ಉಳಿಯದು.

ಅದೇ ಹೆಗ್ಗೋಡಿನಲ್ಲಿ ಇನ್ನೊಂದು ಉತ್ತರವೂ ಇದೆ. 1949ರಲ್ಲಿ ಹಳ್ಳಿಯ ಹವ್ಯಾಸಿ ನಾಟಕ ತಂಡವಾಗಿ ಶುರುವಾದ ನೀನಾಸಮ್ ಅನ್ನು ಕೆ.ವಿ. ಸುಬ್ಬಣ್ಣ ಬೆಳೆಸಿದ ಬಗೆ ನಿಮಗೆ ಗೊತ್ತು. ಅಡಿಕೆ ಬೆಳೆಗಾರ, ಪ್ರಕಾಶಕ, ಅನುವಾದಕ. 1973ರಲ್ಲಿ ಸಿನಿಮಾ ತೋರಿಸುವ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ಹೋಗಿ ನಾಟಕವಾಡುವ ‘ತಿರುಗಾಟ’, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಪ್ರಶಸ್ತಿಗಿಂತ ನನ್ನನ್ನು ಕಾಡುವುದು ಅವರಿಗೆ ಪ್ರೇಕ್ಷಕರ ಮೇಲಿದ್ದ ನಂಬಿಕೆ. ಜಪಾನಿನ ಕುರೊಸಾವಾ, ಬಂಗಾಳದ ಸತ್ಯಜಿತ್ ರೇ ಅವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರಿಗೆ ತೋರಿಸಿದರು. ಹಳ್ಳಿಯವರಿಗೆ ಇಷ್ಟು ಸಾಕು ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಜನರಿಗೆ ಅರ್ಥವಾಗುವುದಿಲ್ಲ ಎಂದು ಸರಳ ಮಾಡುವುದೂ, ಜನರಿಗೆ ಇದೇ ಬೇಕು ಎಂದು ಅಗ್ಗ ಮಾಡುವುದೂ ನನ್ನ ಮಟ್ಟಿಗೆ ಒಂದೇ ಅವಮಾನ. ಟಿಕೆಟ್ ಕೊಂಡು ಬಂದವನನ್ನು ನಮ್ಮಷ್ಟೇ ಬುದ್ಧಿವಂತ ಎಂದು ತಿಳಿಯುವುದು ಕಲಾವಿದನ ಹೊಣೆಯಲ್ಲಿ ಮೊದಲನೆಯದು. ತಾಲೀಮಿಗೆ ಸಮಯಕ್ಕೆ ಬರುವುದು, ಮಾತು ಬಾಯಿಪಾಠವಾಗಿರುವುದು, ಹಿಂದಿನ ಸಾಲಿಗೆ ಕೇಳಿಸುವಂತೆ ಆಡುವುದು ಇವೆಲ್ಲ ಅದರೊಳಗೇ ಬರುತ್ತವೆ. ಕ್ರಾಂತಿಯ ನಾಟಕಕ್ಕೂ ಇದರಿಂದ ವಿನಾಯಿತಿ ಇಲ್ಲ.

ನಾಟಕ, ಸಿನಿಮಾಗಳನ್ನು ಹಳ್ಳಿಗಳಿಗೆ ಒಯ್ಯುವ ‘ಜನಸ್ಪಂದನ’ ಯೋಜನೆಗೆ ನೀನಾಸಮ್ ಅಮೆರಿಕದ ದತ್ತಿಸಂಸ್ಥೆ ಫೋರ್ಡ್ ಫೌಂಡೇಶನ್ನಿನ ನೆರವು ಪಡೆದದ್ದು ನಿಮಗೆ ನೆನಪಿರಬಹುದು. ನಿಮ್ಮ ತಂಡಕ್ಕೂ ನಾಳೆ ಯಾರಾದರೂ ಹಣ ಕೊಡಲು ಬರುತ್ತಾರೆ. ಸರ್ಕಾರವಿರಬಹುದು, ಕಂಪನಿ ಇರಬಹುದು, ಮಠ ಇರಬಹುದು. ಎಲ್ಲರ ಹಣವೂ ಮೈಲಿಗೆ ಎಂದು ಕೈಕಟ್ಟಿ ಕೂತರೆ ನಟರ ಊಟಕ್ಕೂ ಕಷ್ಟ. ನಾನಾದರೆ ಹಣ ಪಡೆಯುತ್ತೇನೆ. ಆದರೆ ಪಡೆಯುವ ಮುನ್ನ ಎರಡು ಸಂಗತಿ ನೋಡುತ್ತೇನೆ: ಕೊಟ್ಟವರ ಬಗ್ಗೆಯೇ ನಾಳೆ ನಾಟಕ ಆಡಬೇಕಾದರೆ ಆಡಬಲ್ಲೆನೇ? ಆ ಹಣ ನಿಂತ ದಿನವೂ ತಂಡ ತಾಲೀಮಿಗೆ ಸೇರುತ್ತದೆಯೇ? ನಿಮ್ಮಲ್ಲಿ ಇದನ್ನು ಒಪ್ಪದವರು ಇರಬಹುದು. ಅವರೇ ಮೊದಲು ಮಾತನಾಡಲಿ.